ಕೇರಾಫ್ ಹೋಟೆಲ್ ಸುಪ್ರಭಾ

ನನ್ನ ಗಂಡನ ಮೇಲೆ ನಾನು ಹಾಕಿದ ಡೈವೋರ್ಸ್ ಕೇಸಿನ ಸಮನ್ಸಿಗೆ, ಗಂಡನ ಪರವಾಗಿ ಸಹಿ ಹಾಕಿ ತೆಗೆದುಕೊಂಡವರು ನನ್ನ ಅಪ್ಪ. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ. ನಗಲಿ. ನಾಲ್ಕು ವರ್ಷ ಡೊಂಬಿವಲಿಯಿಂದ ಕಲ್ಯಾಣದ ಕೋರ್ಟಿಗೆ ಚಪ್ಪಲಿ ಸವೆಸಿದವಳು ನಾನು, ಅವರಲ್ಲ.

ಪಪ್ಪನ ಹೆಸರು ತಾರಾನಾಥ. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಅವರದೊಂದು ಇಡ್ಲಿ, ದೋಸೆ, ಊಟದ ಹೋಟೆಲು, ಸುಪ್ರಭಾ. ಉಡುಪಿ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರಿಗೆಲ್ಲ ಮುಂಬೈಯ ಮೊದಲ ವಿಳಾಸ ಅದೇ. ಇವತ್ತು ಈ ಚಾಳು, ನಾಳೆ ಆ ರೂಮು ಎಂದು ತಿರುಗುವವರಿಗೆ ಕದಲದ ವಿಳಾಸ ಒಂದು ಬೇಕಲ್ಲ. ರೇಷನ್ ಕಾರ್ಡು, ಬ್ಯಾಂಕ್ ಖಾತೆ, ಪಾಸ್‌ಪೋರ್ಟು, ಎಲ್ಲದರ ಮೇಲೂ ‘ಕೇರಾಫ್ ಹೋಟೆಲ್ ಸುಪ್ರಭಾ’. ಅವರ ಹೆಸರಿಗೆ ಬಂದ ಪತ್ರಗಳನ್ನು ಪಪ್ಪ ಗಲ್ಲಾದಲ್ಲಿ ಕೂತಲ್ಲಿಂದಲೇ ಕೈಚಾಚಿ ತೆಗೆದುಕೊಳ್ಳುತ್ತಿದ್ದರು. ರಿಜಿಸ್ಟರ್ಡ್ ಪತ್ರವಾದರೆ ಒಂದು ಸಹಿ, ಪಕ್ಕದಲ್ಲಿ ಹೋಟೆಲಿನ ರಬ್ಬರ್ ಸ್ಟಾಂಪು. ಆಮೇಲೆ ಅದು ಗಲ್ಲಾದ ಕೆಳಗಿದ್ದ ಬಿಸ್ಕತ್ತಿನ ಡಬ್ಬಕ್ಕೆ ಹೋಗುತ್ತಿತ್ತು. ಪತ್ರದ ಯಜಮಾನ ಬಂದಾಗ ಅವನಿಗೆ ಕೊಡುವುದು. ಬರದಿದ್ದರೆ ಅವನಿರುವ ಊರಿಗೆ ಹೋಗುವವರ ಕೈಯಲ್ಲಿ ಕಳಿಸುವುದು. ಮೂವತ್ತೈದು ವರ್ಷಗಳಲ್ಲಿ ಆ ಡಬ್ಬದಿಂದ ಒಂದು ಪತ್ರವೂ ಕಳೆದುಹೋಗಿಲ್ಲ ಎನ್ನುವುದು ಪಪ್ಪನ ದೊಡ್ಡ ಹೆಮ್ಮೆ.

ರಂಜನ್ ಕೂಡ ಆ ಡಬ್ಬದ ಹುಡುಗರಲ್ಲೊಬ್ಬ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ಹದಿನೆಂಟಕ್ಕೆ ಡೊಂಬಿವಲಿಗೆ ಬಂದ. ಹಗಲು ನಮ್ಮ ಹೋಟೆಲಿನಲ್ಲಿ ದುಡಿದು, ಸಂಜೆ ಕಾಲೇಜಿಗೆ ಹೋಗಿ ಓದಿದ. ಬಹ್ರೇನಿನ ಒಂದು ರೆಸ್ಟೋರೆಂಟಿನಲ್ಲಿ ಮ್ಯಾನೇಜರ್ ಕೆಲಸ ಸಿಕ್ಕಿದಾಗ ಪಪ್ಪನಿಗೆ ಅವನ ಮೇಲೆ ಮಗನಿಗಿಂತ ಹೆಚ್ಚು ಅಭಿಮಾನ. ಮರು ವರ್ಷ, ಎರಡು ಸಾವಿರದ ಆರರಲ್ಲಿ, ನನ್ನನ್ನು ಅವನಿಗೆ ಮದುವೆ ಮಾಡಿಕೊಟ್ಟರು. ನನ್ನ ಒಪ್ಪಿಗೆಯೂ ಇತ್ತು, ಅದರಲ್ಲಿ ಸುಳ್ಳು ಹೇಳಿ ಪ್ರಯೋಜನವಿಲ್ಲ. ‘ಫ್ಯಾಮಿಲಿ ವೀಸಾ ಆಗ್ತದೆ, ಆಗ್ತದೆ’ ಎಂದು ಹೇಳುತ್ತಲೇ ಮೂರು ವರ್ಷ ಕಳೆದ. ಎರಡು ಸಲ ರಜೆಯಲ್ಲಿ ಬಂದ. ಆಮೇಲೆ ಫೋನ್ ತಿಂಗಳಿಗೊಮ್ಮೆ ಆಯಿತು, ಹಬ್ಬಕ್ಕೊಮ್ಮೆ ಆಯಿತು, ಕಡೆಗೆ ನಿಂತುಹೋಯಿತು. ಕೆಲಸ ಬದಲಾಯಿಸಿದನಂತೆ, ಮನೆ ಬದಲಾಯಿಸಿದನಂತೆ. ಎಲ್ಲ ‘ಅಂತೆ’ಗಳು. ಹೊಡೆದವನಲ್ಲ, ಬೈದವನಲ್ಲ, ಬೇರೆ ಹೆಂಗಸಿನ ಕಥೆಯೂ ಇಲ್ಲ. ಹೆಂಡತಿ ಎಂಬವಳೊಬ್ಬಳು ಇದ್ದಾಳೆ ಎನ್ನುವುದನ್ನೇ ಮರೆತವನ ಹಾಗೆ ಇದ್ದುಬಿಟ್ಟ. ಅಂಥವನ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದು ಹಿಡಿ ಸಿಗುವುದಿಲ್ಲ.

ನಾನು ಐರೋಲಿಯ ಐಟಿ ಪಾರ್ಕಿನ ಒಂದು ಕಂಪನಿಯಲ್ಲಿ ಎಚ್‌ಆರ್ ಕೆಲಸದಲ್ಲಿದ್ದೆ. ಠಾಣೆ ರೈಲು ನಿಲ್ದಾಣದಲ್ಲಿ ಟ್ರಾನ್ಸ್ ಹಾರ್ಬರ್ ಲೈನಿನ ಗಾಡಿಗೆ ಬದಲಾಯಿಸುವಾಗ ದಿನಾ ಸಿಗುತ್ತಿದ್ದವನು ಶೇಖರ, ಅದೇ ಕಂಪನಿಯ ಅಕೌಂಟ್ಸಿನವನು. ಟಿಟ್ವಾಳಾದಲ್ಲಿ ಅಮ್ಮನ ಜೊತೆ ವಾಸ. ದಿನಕ್ಕೆ ನಾಲ್ಕು ಗಂಟೆ ರೈಲಿನಲ್ಲಿ ಕಳೆಯುವವನಿಗೆ ತಾಳ್ಮೆ ಇರಲೇಬೇಕು ತಾನೆ? ಅವನಿಗೆ ಇತ್ತು. ‘ಮೊದಲು ನಿನ್ನದು ಮುಗಿಯಲಿ, ಆಮೇಲೆ ಮದುವೆ ಆಗೋಣ’ ಎಂದ. ಎರಡು ಸಾವಿರದ ಹನ್ನೊಂದರಲ್ಲಿ ನಾನು ಡೈವೋರ್ಸ್‌ಗೆ ಅರ್ಜಿ ಹಾಕಿದ್ದು ಹಾಗೆ.

ವಕೀಲರು ಭುಜಂಗಣ್ಣ. ಅವರೂ ನಮ್ಮೂರ ಕಡೆಯವರೇ, ಲಾ ಓದುವಾಗ ಮೂರು ವರ್ಷ ಸುಪ್ರಭಾದಲ್ಲೇ ಉಂಡವರು. ರಂಜನನ ಬಹ್ರೇನಿನ ವಿಳಾಸ ಗೊತ್ತಿಲ್ಲ ಎಂದೆ. ಕೊನೆಗೆ ಗೊತ್ತಿರುವ ವಿಳಾಸ ಸಾಕು ಎಂದರು. ಪಾಸ್‌ಪೋರ್ಟಿನ ಪ್ರತಿ ಕೊಟ್ಟೆ. ಅದರಲ್ಲಿದ್ದದ್ದನ್ನು ಅವರು ಹಾಗೇ ಟೈಪ್ ಮಾಡಿಸಿದರು, ನಾನು ಓದಿ ಸಹಿ ಹಾಕಿದೆ. ಪ್ರತಿವಾದಿಯ ವಿಳಾಸ ಎಂದು ನನ್ನ ಅಪ್ಪನ ಹೋಟೆಲೇ ಇತ್ತು. ಆದರೆ ಹುಟ್ಟಿದಾಗಿನಿಂದ ಎಲ್ಲರ ಹೆಸರಿನ ಕೆಳಗೂ ಅದನ್ನೇ ನೋಡಿದ ಕಣ್ಣಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಭುಜಂಗಣ್ಣನಿಗೂ ಕಾಣಲಿಲ್ಲ.

ಸಮನ್ಸು ಅಂಚೆಯಲ್ಲಿ ಬಂತು. ಪಪ್ಪ ಸಹಿ ಹಾಕಿ, ಸ್ಟಾಂಪು ಒತ್ತಿ, ಡಬ್ಬಕ್ಕೆ ಹಾಕಿದರು. ಸ್ವೀಕೃತಿ ಚೀಟಿ ಕೋರ್ಟಿಗೆ ಹೋಯಿತು. ಪತ್ರ ತಲುಪಿಯೂ ಎದುರು ಪಾರ್ಟಿ ಬರಲಿಲ್ಲ ಎಂದು ಮೂರು ತಾರೀಕು ಕಾದು, ಅವನಿಲ್ಲದೆಯೇ ನನ್ನ ಪರ ತೀರ್ಪಾಯಿತು. ಎಕ್ಸ್ ಪಾರ್ಟಿ ಡಿಕ್ರಿ. ಆ ದಿನ ಭುಜಂಗಣ್ಣನಿಗೆ ನಾನೇ ಕೈಯಾರೆ ಹೋಳಿಗೆ ಮಾಡಿಕೊಟ್ಟೆ. ಅಪೀಲಿನ ಅವಧಿ ಕಳೆಯಲಿ ಎಂದು ಕಾದು, ಶೇಖರ ಮತ್ತು ನಾನು ಠಾಣೆಯ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯ ನೋಟಿಸ್ ಕೊಟ್ಟೆವು. ಮದುವೆಗೆ ಇನ್ನು ಹನ್ನೊಂದು ದಿನ ಉಳಿದಿತ್ತು.

ಆಗ ಭುಜಂಗಣ್ಣ ಫೋನ್ ಮಾಡಿದರು.

“ಅಶ್ಮಿತಾ, ನಿಮ್ಮ ಪಪ್ಪ ಎಂತ ಮಾಡಿದ್ದು ಗೊತ್ತುಂಟಾ?”

ನಡೆದದ್ದು ಇಷ್ಟು. ಡಿಕ್ರಿಯಾದ ಮೇಲೆ ಮೂಲ್ಕಿಯ ಮುರಾರಿ ಎಂಬವರು ಬಹ್ರೇನಿಗೆ ಹೊರಟರು. ಹೋಗುವ ಮೊದಲು ಸುಪ್ರಭಾದಲ್ಲಿ ಕಾಫಿ ಕುಡಿಯಲು ಕೂತಿದ್ದಾಗ ಪಪ್ಪ ಡಬ್ಬ ತೆಗೆದು, ರಂಜನನ ಹೆಸರಿನ ಪತ್ರಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಅವರ ಕೈಗೆ ಕೊಟ್ಟರು. ಬ್ಯಾಂಕಿನದು, ಎಲ್‌ಐಸಿಯದು, ನಡುವೆ ಒಡೆಯದ ಸಮನ್ಸು. ಜೊತೆಗೆ ನನ್ನ ಅಮ್ಮ ರತ್ನಾವತಿ ಕಳಿಸಿದ ಹಲಸಿನ ಹಪ್ಪಳದ ಕಟ್ಟು. ಮುರಾರಿ ಅವನನ್ನು ಹುಡುಕಿ ತಲುಪಿಸಿದರು. ನಾನು, ವಕೀಲರು, ಕೋರ್ಟು ಸೇರಿ ಪತ್ತೆ ಮಾಡಲಾಗದ ಮನುಷ್ಯನನ್ನು ಹಪ್ಪಳದ ಕಟ್ಟೊಂದು ಎರಡೇ ದಿನದಲ್ಲಿ ಪತ್ತೆ ಮಾಡಿತು!

ರಂಜನ್ ಇಲ್ಲಿ ವಕೀಲರನ್ನು ಹಿಡಿದ. ಅವರು ಕೋರ್ಟಿನ ಕಡತ ತೆಗೆಸಿ ನೋಡಿದರು. ಸ್ವೀಕೃತಿಯ ಮೇಲೆ ಅರ್ಜಿದಾರಳ ಅಪ್ಪನ ಸಹಿ, ಅರ್ಜಿದಾರಳ ಅಪ್ಪನ ಹೋಟೆಲಿನ ಸ್ಟಾಂಪು. ಗಂಡನಿಂದ ಸಮನ್ಸನ್ನು ಬಚ್ಚಿಟ್ಟು ಮೋಸದಿಂದ ಪಡೆದ ತೀರ್ಪು ಇದು, ರದ್ದು ಮಾಡಿ ಎಂದು ಅರ್ಜಿ ಹಾಕಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ.

ಆಫೀಸಿನಿಂದ ನೇರ ಹೋಟೆಲಿಗೆ ಹೋದೆ. ಗಿರಾಕಿಗಳಿದ್ದರು. ನನಗೆ ಯಾರೂ ಕಾಣಲಿಲ್ಲ.

“ಪಪ್ಪ, ಕೋರ್ಟಿನ ಪತ್ರಕ್ಕೆ ನೀವು ಯಾಕೆ ಸಹಿ ಹಾಕಿದ್ದು?”

“ಅವನ ಹೆಸರಿಗೆ ಬಂದದ್ದಲ್ವಾ? ವಾಪಸ್ ಕಳಿಸ್ಲಿಕ್ಕೆ ಆಗ್ತದಾ?”

“ಕೇಸ್ ಹಾಕಿದ್ದು ನಾನು. ನಿಮ್ಮ ಮಗಳು. ಗೊತ್ತಿತ್ತಲ್ಲ ನಿಮಗೆ?”

“ಗೊತ್ತಿತ್ತು. ಅದು ಸೀದಾ ಬಹ್ರೇನಿಗೆ ಹೋಗಿರ್ತದೆ ಅಂತ ಎಣಿಸಿದ್ದೆ. ಇದು ಮತ್ತೆ ಬೇರೆ ಎಂತದೋ ಇರಬೇಕು ಅಂತ.”

“ಒಡೆದು ನೋಡ್ಲಿಕ್ಕೆ ಆಗ್ಲಿಲ್ವಾ?”

ಪಪ್ಪ ನನ್ನನ್ನು ನೋಡಿದ ರೀತಿ, ಅವರ ಜೇಬಿಗೆ ನಾನು ಕೈ ಹಾಕಿದ್ದೇನೋ ಎನ್ನುವಂತಿತ್ತು.

“ಇನ್ನೊಬ್ಬರ ಪತ್ರ ಒಡೆಯುವುದಾ? ಎಂತ ಮಾತಾಡ್ತಿ ನೀನು?”

ಅಲ್ಲೇ ಕೂಗಾಡಿಬಿಟ್ಟೆ. ಊರಿನ ಹುಡುಗರೆಲ್ಲ ನಿಮ್ಮ ಮಕ್ಕಳು, ನಾನೊಬ್ಬಳು ಮಾತ್ರ ಯಾರೋ. ಅವನಿಗೆ ಈ ಹೋಟೆಲಿನ ವಿಳಾಸ ಇರುವವರೆಗೆ ನನಗೆ ಬಿಡುಗಡೆ ಇಲ್ಲ. ಆ ಡಬ್ಬ ಎತ್ತಿ ನಾಲೆಗೆ ಎಸೆಯಿರಿ ಎಂದೆ. ಯಾರೋ ಗಿರಾಕಿ ಬಿಲ್ಲು ಹಿಡಿದು ನಿಂತಿದ್ದರು, ಪಪ್ಪ ಅವರ ಮುಖವನ್ನೂ ನೋಡದೆ ಚಿಲ್ಲರೆ ಕೊಟ್ಟರು.

ತೀರ್ಪು ರದ್ದಾಯಿತು. ಠಾಣೆಯ ನೋಟಿಸ್ ಕಸದ ಬುಟ್ಟಿಗೆ ಹೋಯಿತು. ಶೇಖರನ ಅಮ್ಮ ಜಲಜಾಕ್ಷಿ ಬಹಳ ಸಭ್ಯ ಹೆಂಗಸು, ನನ್ನನ್ನು ಕರೆದು ಕೂರಿಸಿ, ಕಷಾಯ ಕೊಟ್ಟು ಕೇಳಿದರು: “ನಿನಗೆ ಮದುವೆ ಆಗಿದೆಯಾ, ಆಗಿಲ್ವಾ? ಅದೊಂದು ಸರಿಯಾಗಿ ಹೇಳು ಮಗಾ. ಕೇಳಿದವರಿಗೆ ನಾನು ಎಂತ ಹೇಳಲಿ?” ಇದರ ಮೇಲೆ ನಮ್ಮ ಅಮ್ಮ ಮಂಗಳವಾರ ಮಂಗಳವಾರ ಟಿಟ್ವಾಳಾದ ಗಣಪತಿಗೆ ಹೋಗಲು ಶುರುಮಾಡಿದರು. ಅಗಲಿದ ಗಂಡ ಹೆಂಡಿರನ್ನು ಒಂದು ಮಾಡುವ ದೇವರು ಎಂದು ಅಲ್ಲಿ ನಂಬಿಕೆ. ಶೇಖರನ ಮನೆಯ ಮುಂದಿನ ರಸ್ತೆಯಲ್ಲೇ ನಡೆದು ಹೋಗಿ, ನನ್ನನ್ನೂ ರಂಜನನನ್ನೂ ಒಂದು ಮಾಡು ಎಂದು ಬೇಡಿ ಬರುತ್ತಿದ್ದರು. ಮನೆಯವರು ಸಹಾಯ ಮಾಡುವುದೆಂದರೆ ಇದು.

ಮುರಾರಿಯಿಂದ ನಂಬರ್ ತೆಗೆದುಕೊಂಡು ರಂಜನನಿಗೆ ಹೋಟೆಲಿನಲ್ಲಿ ಕೂತು ನಾನೇ ಫೋನ್ ಮಾಡಿದೆ. ನಾಲ್ಕು ವರ್ಷಗಳ ಮೇಲೆ ಮೊದಲ ಸಲ ಅವನ ಸ್ವರ ಕೇಳಿದ್ದು. ಬೈಯಲು ಏನೇನೋ ಜೋಡಿಸಿಕೊಂಡಿದ್ದೆ. ಅವನು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

“ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ಅಶ್ಮಿತಾ. ತಪ್ಪು ನನ್ನದೇ. ಆದರೆ ಮಾವ ಹೀಗೆ ಮಾಡಬಾರದಿತ್ತು. ಸಹಿ ಹಾಕಿ ಬಚ್ಚಿಟ್ಟು, ಎಲ್ಲ ಮುಗಿದ ಮೇಲೆ ಹಪ್ಪಳದ ಒಟ್ಟಿಗೆ ಕಳಿಸಿದ್ದಾರಲ್ಲ? ನನ್ನನ್ನು ತಮಾಷೆ ಮಾಡಿದ್ದಲ್ವಾ ಅದು?”

“ಅಂದರೆ ಡೈವೋರ್ಸ್ ಬೇಡ ಅಂತ ನೀನು ಕೇಸ್ ಹಾಕಿದ್ದಲ್ಲ?”

“ಡೈವೋರ್ಸ್ ತಗೋ. ನಾನು ಎಲ್ಲಿ ಬೇಡ ಅಂದೆ?”

ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ನನ್ನ ಡೈವೋರ್ಸು ರದ್ದಾದದ್ದು ನನ್ನ ಮೇಲಿನ ಪ್ರೀತಿಯಿಂದ ಅಲ್ಲ, ದ್ವೇಷದಿಂದಲೂ ಅಲ್ಲ. ಇವನಿಗೆ ನನ್ನ ಅಪ್ಪನ ಮೇಲೆ ಮುನಿಸು, ಅಷ್ಟೇ. ಮಾವ ಅಳಿಯನ ಜಗಳದಲ್ಲಿ ನಾನು ಯಾರೋ ಹೊರಗಿನವಳು. ಫೋನನ್ನು ಪಪ್ಪನ ಕೈಗೆ ಕೊಟ್ಟು ಹೊರಗೆ ಹೋಗಿ ನಿಂತೆ. ಒಳಗೆ ತುಳುವಿನಲ್ಲಿ ಬಹಳ ಹೊತ್ತು ಮಾತಾಯಿತು. ಪಪ್ಪ ಹೇಳಿದ್ದರಲ್ಲಿ ನನಗೆ ಕೇಳಿಸಿದ್ದು ಒಂದೇ ಮಾತು. ನಿನ್ನ ಪತ್ರವನ್ನು ನಾನು ಯಾವತ್ತಾದರೂ ಒಡೆದದ್ದುಂಟಾ ಎಂದು ಅವರು ಮತ್ತೆ ಮತ್ತೆ ಕೇಳುತ್ತಿದ್ದರು.

ಅದಾದ ಮೇಲೆ ರಂಜನ್ ಪರಸ್ಪರ ಒಪ್ಪಿಗೆಯ ಡೈವೋರ್ಸಿಗೆ ಒಪ್ಪಿದ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಸೀಲು ಹಾಕಿಸಿ ಅಫಿಡವಿಟ್ಟು ಕಳಿಸಿದ. ಹೊಸ ಅರ್ಜಿ, ಹೊಸ ನಂಬರು, ಮತ್ತೆ ಕಾಯುವುದು. ಕಾನೂನಿನ ಪ್ರಕಾರ ಆರು ತಿಂಗಳು, ಮನಸ್ಸು ಬದಲಾದೀತೋ ಏನೋ ಎಂದು. ಐದು ವರ್ಷದಿಂದ ಒಂದು ಸಮುದ್ರದ ಆಚೆ ಈಚೆ ಇರುವವರ ಮನಸ್ಸು ಬದಲಾಗಲು ಇನ್ನೂ ಆರು ತಿಂಗಳು! ಜಲಜಾಕ್ಷಿಯಮ್ಮ ಶೇಖರನಿಗೆ ಗಡುವು ಕೊಟ್ಟರು. ಏಪ್ರಿಲಿನಲ್ಲಿ ಬರುವ ಬಿಸು ಹಬ್ಬದವರೆಗೆ ಕಾಯುತ್ತೇನೆ, ಆಮೇಲೆ ನೀನು ಬೇರೆ ಹುಡುಗಿಯನ್ನು ನೋಡಬೇಕು ಎಂದರು. ಶೇಖರ ಇದನ್ನು ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ನನಗೆ ಹೇಳುವಾಗ ಅವನ ಕಣ್ಣು ಗಾಡಿಯ ಸಮಯ ತೋರಿಸುವ ಇಂಡಿಕೇಟರಿನ ಮೇಲಿತ್ತು. ಮೊದಲ ಸಲ ನನಗೆ ಹೆದರಿಕೆಯಾಯಿತು. ಅವನ ತಾಳ್ಮೆಗೂ ಒಂದು ಕೊನೆ ಇದೆ ಎಂದು ಅಂದು ಗೊತ್ತಾಯಿತು.

ಕೊನೆಯ ಹೇಳಿಕೆ ಕೊಡಲು ಇಬ್ಬರೂ ಬರಬೇಕು. ತನಗೆ ರಜೆ ಸಿಗುವುದಿಲ್ಲ, ತನ್ನ ಪರವಾಗಿ ಮಾತಾಡಲು ಒಬ್ಬರಿಗೆ ಪವರ್ ಆಫ್ ಅಟಾರ್ನಿ ಕೊಡುತ್ತೇನೆ ಎಂದ ರಂಜನ್. ಕೊಡು ಎಂದೆವು. ಎರಡು ಸಾವಿರದ ಹದಿನೈದರ ಜನವರಿಯಲ್ಲಿ ಕಾಗದ ಬಂತು, ಸೀಲು, ಸಹಿ, ಎಲ್ಲ ಸರಿಯಾಗಿತ್ತು. ಭುಜಂಗಣ್ಣ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಧಿಕಾರ ಕೊಟ್ಟಿದ್ದು ಹೋಟೆಲ್ ಸುಪ್ರಭಾದ ತಾರಾನಾಥರಿಗೆ.

“ನಿನಗೆ ತಲೆ ಸರಿ ಉಂಟಾ?” ಎಂದು ಫೋನಿನಲ್ಲಿ ಕೇಳಿದೆ.

“ಮಾವನನ್ನು ಬಿಟ್ಟರೆ ನನಗೆ ಅಲ್ಲಿ ಯಾರಿದ್ದಾರೆ?” ಎಂದ. ಅದು ನಿಜವಾಗಿಯೂ ಅವನಿಗೆ ಗೊತ್ತಿಲ್ಲದೆ ಕೇಳಿದ ಪ್ರಶ್ನೆಯಾಗಿತ್ತು.

ಬೇರೆ ಕಾಗದ ತರಿಸಲು ಸಮಯವಿರಲಿಲ್ಲ. ಪ್ರಯತ್ನ ಮಾಡಿ ನೋಡೋಣ ಎಂದರು ಭುಜಂಗಣ್ಣ. ಪಪ್ಪ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಬಂದರು. ಕೋರ್ಟಿನಲ್ಲಿ ನಾನು ಒಂದು ಕಡೆ, ಪಪ್ಪ ಇನ್ನೊಂದು ಕಡೆ, ನನ್ನ ಗಂಡ ನಿಲ್ಲಬೇಕಾದ ಜಾಗದಲ್ಲಿ. ನ್ಯಾಯಾಧೀಶೆ ಕಾಗದ ನೋಡಿದರು, ಪಪ್ಪನನ್ನು ನೋಡಿದರು.

“ತುಮ್ಹಿ ಕೋಣ? ಮುಲಾಚೆ ವಡೀಲ್ ಕಾ?”

ಹುಡುಗನ ಅಪ್ಪನೇ ಎಂದು ಕೇಳಿದ್ದು. ಪಪ್ಪ ಕೈಮುಗಿದರು. “ನಾಹೀ ಮ್ಯಾಡಮ್. ಮುಲೀಚೆ ವಡೀಲ್.” ಅಲ್ಲ, ಹುಡುಗಿಯ ಅಪ್ಪ ಎಂದರು. ಆಮೇಲೆ, ಯಾರೂ ಕೇಳದಿದ್ದರೂ, ಹುಡುಗನಿಗೂ ಹಾಗೇ ಎಂದು ಸೇರಿಸಿದರು.

ಸುತ್ತಲಿದ್ದ ವಕೀಲರು ನಕ್ಕರು. ನ್ಯಾಯಾಧೀಶೆ ನಗಲಿಲ್ಲ. ಹೆಂಡತಿಯ ಅಪ್ಪ ಗಂಡನ ಪರವಾಗಿ ಒಪ್ಪಿಗೆ ಕೊಡುವುದು ಸಾಧ್ಯವಿಲ್ಲ, ಹಿಂದಿನ ಕೇಸಿನಲ್ಲಿ ಇದೇ ಸಹಿಯಿಂದ ಒಮ್ಮೆ ತೊಂದರೆಯಾಗಿದೆ, ಗಂಡ ಖುದ್ದು ಬರಲಿ ಎಂದು ಮಾರ್ಚ್ ಕೊನೆಗೆ ತಾರೀಕು ಕೊಟ್ಟರು. ಬಿಸುವಿಗೆ ಅಲ್ಲಿಂದ ಎರಡೇ ವಾರ. ಹಿಂದಿರುಗುವಾಗ ಪಪ್ಪನೂ ನಾನೂ ಒಂದೇ ಗಾಡಿ ಹತ್ತಿದೆವು. ನಾನು ಹೆಂಗಸರ ಡಬ್ಬಿಗೆ ಹೋದೆ.

ರಂಜನ್ ಬಂದ. ಅಷ್ಟು ಮಾತ್ರ ಅವನ ಬಗ್ಗೆ ಒಳ್ಳೆಯದಾಗಿ ಹೇಳಬಹುದು, ಈ ಸಲ ಬಂದ. ವಿಮಾನ ನಿಲ್ದಾಣದಿಂದ ಸೂಟ್‌ಕೇಸಿನ ಸಮೇತ ಎಲ್ಲಿಗೆ ಬಂದ? ಸುಪ್ರಭಾಕ್ಕೆ. ಬೇರೆ ಕಡೆ ಹೋಗಬಹುದು ಎಂಬ ಯೋಚನೆಯೇ ಅವನಿಗೆ ಬಂದಿರಲಿಲ್ಲ. ಪಪ್ಪ ಅವನ ಸೂಟ್‌ಕೇಸನ್ನು ಗಲ್ಲಾದ ಹಿಂದೆ ಇಡಿಸಿ, ಕೈತೊಳೆದು ಬಾ ಎಂದು ಇಡ್ಲಿ ಹಾಕಿಸಿದರು. ಕೂದಲು ಹಿಂದೆ ಸರಿದಿತ್ತು, ಹೊಟ್ಟೆ ಬಂದಿತ್ತು. ನನ್ನನ್ನು ನೋಡಿ ಪರಿಚಯದವರನ್ನು ನೋಡಿದ ಹಾಗೆ ನಕ್ಕ. ನನಗೂ ಅಷ್ಟೇ ಅನ್ನಿಸಿತು.

ಕೋರ್ಟಿನಲ್ಲಿ ಕೆಲಸ ಹತ್ತು ನಿಮಿಷದ್ದು. ಒಟ್ಟಿಗೆ ಬಾಳುವ ಮನಸ್ಸಿದೆಯೇ? ಇಲ್ಲ. ಒತ್ತಾಯ ಇದೆಯೇ? ಇಲ್ಲ. ಮಂಜೂರಾಯಿತು. ನಾಲ್ಕು ವರ್ಷ ಕಾದದ್ದು ಈ ಹತ್ತು ನಿಮಿಷಕ್ಕೆ. ಸಂತೋಷಪಡಬೇಕೆಂದು ನೋಡಿದೆ, ಬರೀ ಸುಸ್ತು.

ಹೊರಗೆ ಗುಮಾಸ್ತರು ತೀರ್ಪಿನ ಪ್ರತಿ ಕಳಿಸಲು ವಿಳಾಸ ಬರೆದುಕೊಳ್ಳುತ್ತಿದ್ದರು. ನನ್ನದಾಯಿತು. ರಂಜನ್ ಮುಂದೆ ಹೋಗಿ, ಶಾಲೆಯ ಹುಡುಗ ಮಗ್ಗಿ ಒಪ್ಪಿಸುವ ಹಾಗೆ ಶುರುಮಾಡಿದ: “ಕೇರಾಫ್ ಹೋಟೆಲ್ ಸುಪ್ರಭಾ, ಸ್ಟೇಷನ್ ರೋಡ್, ಡೊಂಬಿವಲಿ ಪೂರ್ವ...”

ನನಗೆ ರಕ್ತ ತಲೆಗೇರಿತು. ಬಾಯಿ ತೆರೆಯುವಷ್ಟರಲ್ಲಿ ಪಪ್ಪ ಅವನ ತೋಳು ಹಿಡಿದರು.

“ಅದು ಬೇಡ, ರಂಜನ್. ಬಹ್ರೇನಿನದ್ದು ಬರೆಸು.”

“ಅಲ್ಲಿ ರೂಮು ಬದಲಾಗ್ತಾ ಇರ್ತದೆ, ಮಾವ. ಇಲ್ಲಿ ಬಂದರೆ ನೀವು ತೆಗೆದಿಡ್ತೀರಲ್ಲ?”

“ಇನ್ನು ತೆಗೆದಿಡುವುದಿಲ್ಲ. ಅವಳಿಗೆ ಮುಂದೆ ಸಂಸಾರ ಮಾಡ್ಲಿಕ್ಕುಂಟು.”

ರಂಜನ್ ಪಪ್ಪನ ಮುಖವನ್ನೇ ನೋಡುತ್ತ ನಿಂತ. ಒಳಗೆ ಡಿಕ್ರಿ ಓದುವಾಗ ಅವನ ಮುಖದಲ್ಲಿ ಏನೂ ಆಗಿರಲಿಲ್ಲ. ಈಗ ತನ್ನ ತೋಳಿನ ಮೇಲಿದ್ದ ಪಪ್ಪನ ಕೈಯನ್ನು ಬಿಡದೆ ಹಿಡಿದುಕೊಂಡ. ಗುಮಾಸ್ತರು ಬೇಗ ಹೇಳಿ ಎಂದು ಗದರಿದರು. ಅವನಿಗೆ ತನ್ನ ವಿಳಾಸ ಬಾಯಿಗೆ ಬರಲಿಲ್ಲ. ಪಾಕೀಟಿನಿಂದ ಬಹ್ರೇನಿನ ಕಾರ್ಡು ತೆಗೆದು, ಬ್ಲಾಕ್ ನಂಬರು, ರಸ್ತೆ ನಂಬರು ಎಂದು ಒಂದೊಂದಾಗಿ ನೋಡಿ ಓದಿ ಬರೆಸಿದ.

ಸೂಟ್‌ಕೇಸ್ ತೆಗೆದುಕೊಳ್ಳಲು ಹೋಟೆಲಿಗೆ ಬರಲೇಬೇಕಿತ್ತು. ಪಪ್ಪ ಗಲ್ಲಾದ ಕೆಳಗಿನಿಂದ ಡಬ್ಬ ತೆಗೆದರು. ರಂಜನನ ಹೆಸರಿಗೆ ಮತ್ತೆ ಬಂದು ಸೇರಿದ್ದ ಏಳೆಂಟು ಪತ್ರಗಳನ್ನು ಆರಿಸಿ ಅವನ ಮುಂದಿಟ್ಟರು. ಒಂದೂ ಒಡೆದದ್ದಿರಲಿಲ್ಲ. ಆಮೇಲೆ ಹೋಟೆಲಿನ ಬಿಲ್ ಪುಸ್ತಕದ ಹಿಂದಿನ ಖಾಲಿ ಹಾಳೆ ತಿರುವಿ, ಪತ್ರಗಳು ಸಿಕ್ಕಿದವು ಎಂದು ತಾವೇ ಬರೆದು, ಪೆನ್ನನ್ನು ಅವನ ಕಡೆಗೆ ಚಾಚಿದರು.

“ಸಹಿ ಹಾಕು.”

ಹದಿನೈದು ವರ್ಷ ಅವನ ಹೆಸರಿಗೆ ಬಂದದ್ದಕ್ಕೆಲ್ಲ ಸಹಿ ಹಾಕಿದ್ದವರು ಪಪ್ಪ. ಇದು ಮೊದಲನೆಯ ಸಲ ಅವನೇ ಹಾಕಿದ್ದು. ಹಾಕಿ, ಪಪ್ಪನ ಕಾಲು ಮುಟ್ಟಿ, ನನಗೆ ಬರ್ತೇನೆ ಎಂದು ಹೇಳಿದವನು ಆ ಮಾತನ್ನು ತಿದ್ದಿ, ಹೋಗ್ತೇನೆ ಎಂದ. ಸೂಟ್‌ಕೇಸಿನ ಗಾಲಿಗಳ ಸದ್ದು ಸ್ಟೇಷನ್ನಿನ ಗದ್ದಲದಲ್ಲಿ ಬೇಗ ಮುಳುಗಿಹೋಯಿತು.

ನಾನು ಕೂಗಾಡಿ ಕೇಳಿದ್ದನ್ನು ಪಪ್ಪ ಮಾಡಿದ್ದರು. ಅವರ ಮುಖ ನೋಡಲಾಗದೆ ಕೈತೊಳೆಯುವ ಬೇಸಿನ್ನಿನ ಹತ್ತಿರ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಫೋನ್ ಬಡಿದುಕೊಂಡಿತು. ಶೇಖರ.

“ಆಯ್ತಾ?” ಎಂದ.

“ಆಯ್ತು,” ಎಂದೆ. “ಬಿಸುವಿಗೆ ಇನ್ನೂ ಹದಿನಾರು ದಿನ ಉಂಟು. ಅಮ್ಮನಿಗೆ ಹೇಳು.”

ತಿರುಗಿ ನೋಡಿದಾಗ ಪೋಸ್ಟ್‌ಮನ್ ಬಂದಿದ್ದ. ಯಾರದೋ ಹೆಸರಿನ ರಿಜಿಸ್ಟರ್ಡ್ ಪತ್ರ. ಪಪ್ಪ ಅಭ್ಯಾಸಬಲದಿಂದ ಕೈಚಾಚಿದವರು ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ನೋಡಿದರು. ಮೂವತ್ತೈದು ವರ್ಷದಲ್ಲಿ ಅವರು ಸಹಿ ಹಾಕುವ ಮೊದಲು ಇನ್ನೊಬ್ಬರ ಮುಖ ನೋಡಿದ್ದನ್ನು ನಾನು ಕಂಡಿರಲಿಲ್ಲ.

“ತಗೊಳ್ಳಿ ಪಪ್ಪ,” ಎಂದೆ. “ಹೆಸರು ಮಾತ್ರ ಒಮ್ಮೆ ಓದಿ.”